ಖಣದ ಗವಸು

ಬಸವಕಲ್ಯಾಣ
11 ಸೆಪ್ಟೆಂಬರ್ 2025

ಗಯಾಸುದ್ದೀನ್ ಸಾಹೇಬರಿಗೆ,

ನನ್ನ ಹೆಸರು ಶೀತಲ. ನಿಮಗೆ ನನ್ನ ನೆನಪು ಇರಲಿಕ್ಕಿಲ್ಲ. ನನ್ನ ಹಿರಿಯ ಮಗಳು ಮಯೂರಿ ಎರಡೂ ಪಾದ ಒಳಕ್ಕೆ ತಿರುಗಿಕೊಂಡೇ ಹುಟ್ಟಿದ್ದಳು. 2015ರಲ್ಲಿ ಹುಮನಾಬಾದಿನ ಬುಧವಾರದ ಕ್ಲಿನಿಕ್ಕಿನಲ್ಲಿ ವಾರಕ್ಕೊಂದು ಪ್ಲಾಸ್ಟರ್ ಹಾಕಿ ಅವಳ ಕಾಲು ನೆಟ್ಟಗೆ ಮಾಡಿದವರು ನೀವು. ಅವು ಮತ್ತೆ ತಿರುಗದಂತೆ ಒಂದು ರಾಡಿಗೆ ಜೋಡಿಸಿದ ಬೂಟು ಮಾಡಿಕೊಟ್ಟವರೂ ನೀವೇ. ಒಂದೂವರೆ ವರ್ಷದ ಮೇಲೆ ಬಲಗಾಲು ತಿರುಗಿತು. ಅಂದು, 14 ಡಿಸೆಂಬರ್ 2016ರಂದು, ನೀವು ಫೈಲಿನಲ್ಲಿ ಒಂದು ಸಾಲು ಬರೆದಿರಿ: 'ತಾಯಿ ಬೂಟು ಹಾಕಿಲ್ಲ.'

ಈ ಆಗಸ್ಟಿನಲ್ಲಿ ನನಗೆ ಎರಡನೇ ಮಗಳು ಹುಟ್ಟಿದ್ದಾಳೆ. ಅವಳ ಎಡಗಾಲು ಹಾಗೆಯೇ ಇದೆ. ನಿನ್ನೆ ಮೊದಲ ಪ್ಲಾಸ್ಟರ್ ಆಯಿತು. ಹೊಸ ನರ್ಸು ನಮ್ಮ ಹಳೆಯ ಫೈಲು ತರಿಸಿ, ನನ್ನ ಅತ್ತೆ ಮೀರಾಬಾಯಿ ಮತ್ತು ಗಂಡ ಅಂಬಾದಾಸ ಇಬ್ಬರ ಮುಂದೆ ಆ ಸಾಲನ್ನು ಜೋರಾಗಿ ಓದಿದಳು. ಒಂಬತ್ತು ವರ್ಷದಲ್ಲಿ ನಮ್ಮ ಮನೆಯೊಳಗೆ ಅದು ಸವೆದು ಸಣ್ಣದಾಗಿತ್ತು. ನಿನ್ನೆ ಮತ್ತೆ ಹೊಸದಾಯಿತು.

ತಿರುಗಿ ಬರುವಾಗ ಬಸ್ಸಿನಲ್ಲಿ ನನ್ನ ಗಂಡನ ಅಕ್ಕ ರಾಜೇಶ್ವರಿ ಫೋನು ಮಾಡಿದಳು. ಅವಳ ಮನೆ ಹುಡಗಿ ಗ್ರಾಮದಲ್ಲಿ, ಕ್ಲಿನಿಕ್ಕಿಗೆ ಹತ್ತಿರ. ಎಲ್ಲರಿಗೂ ಕೇಳುವಂತೆ ಹೇಳಿದಳು: "ಬೂಟು ಕೊಡೋ ದಿವ್ಸ ಕೂಸಿನ ನನ್ನ ಕಡಿ ತಂದು ಬಿಡ್ರಿ. ನಾ ಹಾಕತೀನಿ. ಆಕಿ ಕೈಯಾಗ ಕೊಟ್ರ ಇದರ ಕಾಲೂ ಹೋಯ್ತು ಅಂತ ತಿಳ್ಕೋರಿ." ನನ್ನ ಗಂಡ "ಹೂಂ" ಅಂದರು. ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದರು.

ಬೂಟು ಕೊಡುವ ದಿನ ನವೆಂಬರಿನಲ್ಲಿ ಬರುತ್ತದೆ. ಆಗ ಅವಳಿಗೆ ಮೂರು ತಿಂಗಳು. ಈಗಿನಿಂದಲೇ ಬಾಟಲಿ ಹಾಲು ರೂಢಿ ಮಾಡಿಸು ಅಂದಿದ್ದಾರೆ. ಬೂಟು ನಾಲ್ಕು ವರ್ಷದವರೆಗೆ ಹಾಕಬೇಕಲ್ಲವೆ? ನಾಲ್ಕು ವರ್ಷ ಅಲ್ಲಿ ಬೆಳೆದವಳು ಆಮೇಲೆ ಯಾರನ್ನು ಅವ್ವ ಅನ್ನುತ್ತಾಳೆ?

ನಾನು ಬೂಟು ಹಾಕಿದ್ದೆ. ಒಂದು ದಿನವೂ ತಪ್ಪಿಸಿಲ್ಲ. ಇಷ್ಟನ್ನು ನೀವು ಒಂದು ಕಾಗದದಲ್ಲಿ ಬರೆದುಕೊಡಬೇಕು. ನೀವು ನಿವೃತ್ತಿಯಾಗಿದ್ದೀರಿ, ಕಿವಿ ಕೇಳುವುದಿಲ್ಲ, ಮಾಣಿಕನಗರದಲ್ಲಿ ಬೂಟಿನ ಅಂಗಡಿ ಇಟ್ಟಿದ್ದೀರಿ ಎಂದು ಕ್ಲಿನಿಕ್ಕಿನ ಸಿಪಾಯಿ ಹೇಳಿದ. ಬುಧವಾರ ಅತ್ತೆ ಜೊತೆಗಿರುತ್ತಾರೆ, ನಾನು ಅಲ್ಲಿಗೆ ಬರಲಾರೆ. ಉತ್ತರವನ್ನು ಮನೆಗೆ ಕಳಿಸಬೇಡಿ. ನಾನು ಹೊಲಿಗೆ ಕೆಲಸ ಮಾಡುವ ಅಂಗಡಿಗೆ ಕಳಿಸಿ: ಹಜಿರಾ ಬೀ ಟೇಲರ್, ಕಿಲ್ಲಾ ರಸ್ತೆ.

ಶೀತಲ


ಮಾಣಿಕನಗರ, ಹುಮನಾಬಾದ
17 ಸೆಪ್ಟೆಂಬರ್ 2025

ಶೀತಲ ಅವರಿಗೆ,

ನಿಮ್ಮ ಪತ್ರ ತಲುಪಿತು. ನಿಮ್ಮ ನೆನಪಿದೆ. ನನಗೆ ತಾಯಂದಿರ ಮುಖಕ್ಕಿಂತ ಮಕ್ಕಳ ಪಾದ ಹೆಚ್ಚು ನೆನಪಿರುತ್ತವೆ. ಮಯೂರಿಯ ಬಲಗಾಲಿನ ಹಿಮ್ಮಡಿ ಬಹಳ ಸಣ್ಣದು, ಮೇಲಕ್ಕೆ ಏರಿಕೊಂಡದ್ದು. ಆರು ಪ್ಲಾಸ್ಟರ್ ಬೇಕಾದವು.

ನೀವು ಕೇಳಿದ ಕಾಗದವನ್ನು ನಾನು ಬರೆಯಲಾರೆ. ಫೈಲಿನಲ್ಲಿ ನಾನು ಕಂಡದ್ದನ್ನು ಬರೆದಿದ್ದೇನೆ. ನೀವು ಅಂದು ತಿರುಗಿ ಕೊಟ್ಟ ಬೂಟು ನಾನು ಕೊಟ್ಟ ದಿನ ಇದ್ದಂತೆಯೇ ಇತ್ತು. ಚರ್ಮದ ಮೇಲೆ ಒಂದು ಗೀರು ಇಲ್ಲ. ರಾಡಿನ ಬಣ್ಣ ಹೋಗಿಲ್ಲ. ಒಂದು ವರ್ಷ ಮಗು ಕಾಲಿಗೆ ಹಾಕಿಕೊಂಡು ಒದೆದ ಬೂಟು ಹಾಗಿರುವುದಿಲ್ಲ. ಹಾಕಿದ ಬೂಟುಗಳನ್ನು ನಾನು ನೂರಾರು ನೋಡಿದ್ದೇನೆ. ಮೂಗು ಕೆತ್ತಿ, ರಾಡು ಬೆಳ್ಳಗೆ ಸವೆದು, ಹಾಲು ವಾಂತಿ ಮೆತ್ತಿಕೊಂಡು ಬರುತ್ತವೆ.

ಆ ಜೋಡಿ ಅಷ್ಟು ಚೆನ್ನಾಗಿತ್ತೆಂದು ನಾನು ಬೇರೆ ಮಗುವಿಗೆ ಕೊಡಲಿಲ್ಲ, ಮಾದರಿಗೆಂದು ಇಟ್ಟುಕೊಂಡೆ. ಈಗಲೂ ನನ್ನ ಅಂಗಡಿಯ ಗಾಜಿನ ಕಪಾಟಿನಲ್ಲಿದೆ. ನನ್ನ ಕೆಲಸ ನೋಡಬೇಕೆಂದವರಿಗೆ ಅದನ್ನೇ ತೋರಿಸುತ್ತೇನೆ.

ಚಿಕ್ಕವಳ ಪ್ಲಾಸ್ಟರಿನ ತುದಿಯಲ್ಲಿ ಬೆರಳುಗಳನ್ನು ದಿನಕ್ಕೆ ನಾಲ್ಕು ಸಲ ನೋಡಿ. ಒತ್ತಿದರೆ ಬೆಳ್ಳಗಾಗಿ, ಬಿಟ್ಟರೆ ಕೆಂಪಾಗಬೇಕು. ನೀಲಿಯಾದರೆ ಬುಧವಾರದವರೆಗೆ ಕಾಯಬೇಡಿ.

ಮಗುವಿಗೆ ಒಳ್ಳೆಯದಾಗಲೆಂದು ದುವಾ ಮಾಡುತ್ತೇನೆ.

ಗಯಾಸುದ್ದೀನ್


ಬಸವಕಲ್ಯಾಣ
22 ಸೆಪ್ಟೆಂಬರ್ 2025

ಸಾಹೇಬರೇ,

ಬೆರಳು ಕೆಂಪಾಗಿವೆ. ದಿನಕ್ಕೆ ನಾಲ್ಕಲ್ಲ, ಹತ್ತು ಸಲ ನೋಡುತ್ತೇನೆ.

ನಾನು ಬೂಟು ಹೇಗೆ ಹಾಕುತ್ತಿದ್ದೆ ಎಂದು ಬರೆಯುತ್ತೇನೆ. ಹಾಕದವಳು ಹೀಗೆ ಬರೆಯಲು ಬರುತ್ತದೆಯೋ ನೀವೇ ಹೇಳಿ. ಮೊದಲು ಬಲಗಾಲು, ಯಾಕೆಂದರೆ ಅದೇ ಹಟದ್ದು. ಮೊಣಕಾಲು ಮಡಚಿ, ಹಿಮ್ಮಡಿಯನ್ನು ಕೆಳಕ್ಕೆ ಒತ್ತಿ ಹಿಡಿದು, ನಡುವಿನ ಪಟ್ಟಿ ಮೊದಲು. ಆಮೇಲೆ ಲೇಸು. ಬೂಟಿನ ಹಿಂದೆ ನೀವು ಕೊರೆದಿಟ್ಟ ಸಣ್ಣ ತೂತಿನಲ್ಲಿ ಹಿಮ್ಮಡಿ ಕಾಣಬೇಕು. ಕಾಣದಿದ್ದರೆ ಬಿಚ್ಚಿ ಮತ್ತೆ. ಒಮ್ಮೊಮ್ಮೆ ನಾಲ್ಕು ಸಲ ಬಿಚ್ಚಿದ್ದೇನೆ. ಅವಳು ಅತ್ತು ಅತ್ತು ಉಸಿರು ಸಿಕ್ಕಿಸಿಕೊಳ್ಳುತ್ತಿದ್ದಳು. ಆಗಲೂ ಬಿಚ್ಚಿ ಮತ್ತೆ ಹಾಕಿದ್ದೇನೆ.

ಬೂಟಿನಲ್ಲಿ ಒಂದು ಕಾಲನ್ನಷ್ಟೇ ಒದೆಯಲು ಬರುವುದಿಲ್ಲ. ಎರಡೂ ಕೂಡಿಯೇ ಏಳುತ್ತವೆ, ಕೂಡಿಯೇ ಬೀಳುತ್ತವೆ. ಬಿದ್ದಾಗ ರಾಡು ತೊಟ್ಟಿಲಿನ ಕಟ್ಟಿಗೆಗೆ ಬಡಿಯುತ್ತಿತ್ತು. ಟಕ್. ಸ್ವಲ್ಪ ಹೊತ್ತು ಸುಮ್ಮನೆ. ಮತ್ತೆ ಟಕ್. ಆ ತೊಟ್ಟಿಲನ್ನು 2017ರಲ್ಲಿ ಅಟ್ಟಕ್ಕೆ ಹಾಕಿದೆವು. ಸಾಹೇಬರೇ, ಅದಾದ ಮೇಲೂ ನನಗೆ ಆ ಸದ್ದು ಕೇಳಿದೆ. ಮಧ್ಯಾಹ್ನ ಅನ್ನ ಬಸಿಯುವಾಗ, ಅಂಗಡಿಯಲ್ಲಿ ಮಿಷಿನ್ ನಿಲ್ಲಿಸಿದ ಕೂಡಲೇ. ಖಾಲಿ ತೊಟ್ಟಿಲು, ಮೇಲೆ ಗೋಣಿಚೀಲ ಹೊದಿಸಿದ್ದು. ಏಣಿ ಇಟ್ಟು ಹತ್ತಿ ನೋಡಿದ್ದೂ ಇದೆ.

ಮಯೂರಿಗೆ ಈಗ ಹತ್ತು ವರ್ಷ. ಆಮೇಲೆ ದೊಡ್ಡ ಆಪರೇಷನ್ ಆಯಿತು. ಪಾದ ನೆಲಕ್ಕೆ ಊರುತ್ತದೆ, ಆದರೆ ಮಡಚುವುದಿಲ್ಲ. ಮೆಟ್ಟಿಲಿಳಿಯುವಾಗ ಆ ಕಾಲನ್ನು ಬೇರೆಯವರದ್ದನ್ನು ಇಳಿಸಿಕೊಟ್ಟಂತೆ ಇಳಿಸುತ್ತಾಳೆ. ಚಪ್ಪಲಿಯ ಹೊರ ಅಂಚು ಎರಡು ತಿಂಗಳಲ್ಲಿ ಸವೆಯುತ್ತದೆ. ಸವೆದ ಚಪ್ಪಲಿಯನ್ನು ನೀವು ಒಪ್ಪುತ್ತೀರಿ, ಸವೆಯದ ಬೂಟನ್ನು ಒಪ್ಪುವುದಿಲ್ಲ.

ಒಂದು ವಿಷಯ ಬರೆಯದೆ ಬಿಟ್ಟಿದ್ದೇನೆ. ಅದನ್ನು ಬರೆಯಲು ಧೈರ್ಯ ಬರುತ್ತಿಲ್ಲ.

ಶೀತಲ


ಮಾಣಿಕನಗರ
30 ಸೆಪ್ಟೆಂಬರ್ 2025

ಶೀತಲ ಅವರಿಗೆ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೊನೆಯ ಎರಡು ಸಾಲು ಓದಿ ನನಗೆ ಸಮಾಧಾನವಾಯಿತು. ನೀವು ಬರೆಯದೆ ಬಿಟ್ಟದ್ದು ಏನೆಂದು ನನಗೆ ಗೊತ್ತು. ಕೇಳಿ ಕೇಳಿ ರೂಢಿಯಾಗಿದೆ.

ಯಾವ ತಾಯಿಯೂ ಕೆಟ್ಟ ಮನಸ್ಸಿನಿಂದ ಬೂಟು ಬಿಚ್ಚುವುದಿಲ್ಲ. ಮಗು ಅಳುತ್ತದೆ, ಮನೆಯವರು ಬೈಯುತ್ತಾರೆ, ಒಂದು ತಾಸು ಬಿಚ್ಚಿಡುತ್ತಾಳೆ. ಆಮೇಲೆ ಎರಡು ತಾಸು. ಕಾಲು ನೆಟ್ಟಗೇ ಕಾಣುತ್ತಿರುತ್ತದೆ, ಏನೂ ಆಗಲಿಲ್ಲವಲ್ಲ ಅನ್ನಿಸುತ್ತದೆ. ಬುಧವಾರ ಬಂದು "ದಿನಾ ಹಾಕತೀನ್ರಿ" ಅನ್ನುತ್ತಾಳೆ. ನಾನು ಬೂಟನ್ನು ತಿರುಗಿಸಿ ನೋಡುತ್ತೇನೆ. ಬೂಟು ಸುಳ್ಳು ಹೇಳುವುದಿಲ್ಲ. ಹೊಸಬರಿಗೆ ನಾನು ಕಲಿಸಿದ್ದೂ ಇದನ್ನೇ.

ಆದದ್ದನ್ನು ಮನೆಯವರಿಗೆ ಹೇಳಿಬಿಡಿ. ಒಪ್ಪಿಕೊಂಡವಳ ಕೈಗೆ ಎರಡನೇ ಮಗುವನ್ನು ಕೊಡಬಹುದು. ಒಪ್ಪಿಕೊಳ್ಳದವಳ ಕೈಗೆ ಕೊಡುವುದು ಕಷ್ಟ. ಇದನ್ನು ಹಿರಿಯನಾಗಿ ಹೇಳುತ್ತಿದ್ದೇನೆ.

ಗಯಾಸುದ್ದೀನ್


ಬಸವಕಲ್ಯಾಣ
4 ಅಕ್ಟೋಬರ್ 2025

ಸಾಹೇಬರೇ,

ನಾನು ಬಿಚ್ಚಲಿಲ್ಲ. ನಾನು ಮುಚ್ಚಿದೆ.

ಮೊದಲ ದಿನ ಬೂಟು ಹಾಕಿ ಮಯೂರಿಯನ್ನು ತೊಟ್ಟಿಲಿಗೆ ಹಾಕಿದಾಗ ನನ್ನ ಅತ್ತೆ ಅಂದರು: "ಪಾದರಕ್ಷಿ ಹಾಕ್ಕೊಂಡು ಯಾರರ ಮಲಗತಾರ? ತೊಟ್ಟಿಲದಾಗ ಚಪ್ಪಲ್ ಇಟ್ಟಂಗ ಆತು. ಎದುರಿಗೆ ದೇವ್ರ ಜಗಲಿ ಅದ, ಕಣ್ಣು ಕಾಣಂಗಿಲ್ಲೇನು?" ಎರಡು ದಿನ ಅವರು ಆ ಕೋಣೆಯಲ್ಲಿ ದೀಪ ಹಚ್ಚಲಿಲ್ಲ. ಮೂರನೇ ದಿನ ನಾನು ಕುಪ್ಪಸಕ್ಕೆಂದು ಇಟ್ಟಿದ್ದ ಹಸಿರು ಖಣ ಕತ್ತರಿಸಿ ಬೂಟಿಗೂ ರಾಡಿಗೂ ಗವಸು ಹೊಲಿದೆ. ಎರಡು ಜೋಡಿ. ಒಂದನ್ನು ಒಗೆದು ಒಣಹಾಕಿ ಇನ್ನೊಂದು. ಬೂಟು ಕಾಣದಂತಾದ ಮೇಲೆ ಅತ್ತೆ ಸುಮ್ಮನಾದರು. ನನ್ನ ಗಂಡ ಆಗ ದುಡಿಯಲು ಬೇರೆ ಊರಿಗೆ ಹೋಗಿದ್ದರು, ಇದನ್ನು ದಿನವೂ ಕಂಡವರು ನಾವಿಬ್ಬರೇ. ಮಗು ಬೆಳೆದು ದೊಡ್ಡ ಬೂಟು ಬಂದಾಗ ಅದಕ್ಕೂ ಎರಡು ಜೋಡಿ ಹೊಲಿದೆ. ಕ್ಲಿನಿಕ್ಕಿಗೆ ಬರುವಾಗ ಗವಸು ತೆಗೆದು, ಬೂಟಿಗೆ ಕೊಬ್ಬರಿ ಎಣ್ಣೆ ಒರೆಸಿ ತರುತ್ತಿದ್ದೆ. ಮುಂದಿನ ಮಗುವಿಗೆ ಚೆನ್ನಾಗಿರುವುದೇ ಸಿಗಲಿ ಎಂದು.

ಅಂದೇ ಯಾಕೆ ಹೇಳಲಿಲ್ಲ ಎನ್ನುತ್ತೀರಿ. ಬೂಟು ಕೊಟ್ಟ ದಿನ ನೀವು ಎಲ್ಲ ತಾಯಂದಿರನ್ನು ಸಾಲಾಗಿ ಕೂಡಿಸಿ, ಬೆರಳು ಎತ್ತಿ ಹೇಳಿದಿರಿ: "ಇದಕ್ಕ ಏನೂ ಸುತ್ತಬ್ಯಾಡ್ರಿ. ಬಟ್ಟಿ ಸುತ್ತಿದ್ರ ಕಾಲು ಜಾರತದ, ಮತ್ತ ತಿರಗತದ." ನಾನು ಸುತ್ತಿದ್ದೆ. ಕಾಲು ತಿರುಗಿತು. ನೀವು 'ಹಾಕಿಲ್ಲ' ಎಂದು ಬರೆದಾಗ ನನ್ನ ಬಾಯಿ ಯಾಕೆ ಕಟ್ಟಿತು ಎಂದು ಈಗ ತಿಳಿಯಿತೇ? ಹಾಕಿದ್ದೆ ಎಂದರೆ ಗವಸಿನ ಮಾತು ಬರುತ್ತಿತ್ತು. ಆಗ ನಾನೇ ಕೈಯಾರೆ ಹೊಲಿದು ಅವಳ ಕಾಲು ಹಾಳು ಮಾಡಿದಂತಾಗುತ್ತಿತ್ತು.

ನಿಮ್ಮನ್ನು ಕೇಳಬೇಕಾದದ್ದು ಇಷ್ಟೇ. ನನ್ನ ಬಟ್ಟೆಯಿಂದ ಹಾಗಾಯಿತೇ? ಆಯಿತು ಎಂದರೆ ಆಯಿತು ಎಂದೇ ಬರೆಯಿರಿ. ನಾನೇ ಚಿಕ್ಕವಳನ್ನು ರಾಜೇಶ್ವರಿಯ ಮನೆಗೆ ಒಯ್ದು ಬಿಟ್ಟು ಬರುತ್ತೇನೆ.

ಶೀತಲ


ಬಸವಕಲ್ಯಾಣ
23 ಅಕ್ಟೋಬರ್ 2025

ಸಾಹೇಬರೇ,

ಹತ್ತೊಂಬತ್ತು ದಿನವಾಯಿತು. ಪೋಸ್ಟ್‌ಮನ್ ಅಂಗಡಿಯ ಮುಂದೆ ಹಾಯುವಾಗ ಈಗ ಹಜಿರಾ ಬೀಯೇ "ಇಲ್ಲವ್ವಾ" ಅಂದುಬಿಡುತ್ತಾರೆ.

ಹಬ್ಬದ ಎರಡು ಬುಧವಾರ ಬಿಟ್ಟು ಐದು ಪ್ಲಾಸ್ಟರ್ ಮುಗಿದವು. 29ಕ್ಕೆ ಹಿಮ್ಮಡಿಯ ನರ ಕೊಯ್ಯುತ್ತಾರೆ, ಸೂಜಿ ಚುಚ್ಚಿದಷ್ಟೇ ಗಾಯ ಎಂದು ಡಾಕ್ಟರು ಹೇಳಿದ್ದಾರೆ. ಆ ಮೇಲಿನ ಪ್ಲಾಸ್ಟರ್ ಮೂರು ವಾರ. ನವೆಂಬರ್ 19ಕ್ಕೆ ಬೂಟು. ದೀಪಾವಳಿಗೆ ರಾಜೇಶ್ವರಿ ಬಂದಿದ್ದಳು. ಚಿಕ್ಕವಳಿಗೆಂದು ಅಟ್ಟದಿಂದ ಇಳಿಸಿದ ತೊಟ್ಟಿಲಿಗೆ ಗೇಣು ಹಾಕಿ ಅಳತೆ ತೆಗೆದುಕೊಂಡು ಹೋದಳು.

ನಿಮ್ಮ ಮೌನವೇ ಉತ್ತರವೆಂದು ತಿಳಿದುಕೊಂಡೆ. ಬೇರೆಯವರ ಬಾಯಿಂದ ಗೊತ್ತಾಗುವ ಮೊದಲು ಮಯೂರಿಗೆ ನಾನೇ ಹೇಳಿದೆ. ಅವಳು ಲೆಕ್ಕ ಮಾಡುತ್ತ ಕುಳಿತಿದ್ದಳು.

"ಅಂದ್ರ ನೀ ಬೂಟು ಹಾಕಿದ್ದಿ?"

"ಹಾಕಿದ್ದೆ."

"ಹಾಕಿಲ್ಲ ಅಂತ ಎಲ್ಲಾರೂ ಅಂತಾರಲ್ಲ?"

"ಹಾಕಿದ್ದೆ. ಮ್ಯಾಲ ಬಟ್ಟಿ ಹೊಲದಿದ್ದೆ. ಅದಕ್ಕ ಹಿಂಗ ಆತು."

ಪೆನ್ಸಿಲ್ ಕೆಳಗಿಟ್ಟಳು. ಅಳಲಿಲ್ಲ. "ಯಾವ ಬಟ್ಟಿ?" ಅಂದಳು. ಹಸಿರು ಖಣ ಅಂದೆ. ಅಂದಿನಿಂದ ನಾನು ಹೊಲಿದ ಲಂಗ, ಕುಪ್ಪಸ ಅವಳು ಹಾಕಿಕೊಳ್ಳುತ್ತಿಲ್ಲ. ಹಬ್ಬದ ದಿನವೂ ಶಾಲೆಯ ಸಮವಸ್ತ್ರದಲ್ಲೇ ಇದ್ದಳು. ಯಾರು ಕೇಳಿದರೂ "ಚೊಲೋ ಅದ, ಅದಕ್ಕ" ಅಂದಳು.

ಇನ್ನು ನಿಮಗೆ ತೊಂದರೆ ಕೊಡುವುದಿಲ್ಲ.

ಶೀತಲ


ಮಾಣಿಕನಗರ
27 ಅಕ್ಟೋಬರ್ 2025

ಮಗಳು ಶೀತಲಳಿಗೆ,

ಈ ಪತ್ರವನ್ನು ಮೊದಲು ಮಯೂರಿಗೆ ಓದಿ ಹೇಳು. ನಿನ್ನ ಬಟ್ಟೆಯಿಂದ ಏನೂ ಆಗಿಲ್ಲ. ಬೂಟಿನ ಒಳಗೆ, ಕಾಲಿಗೆ ಸುತ್ತಿದರೆ ಕಾಲು ಜಾರುತ್ತದೆ. ನಾನು ಬೇಡವೆಂದದ್ದು ಅದನ್ನು. ಬೂಟಿನ ಹೊರಗೆ ಹೊದಿಸಿದ್ದರಿಂದ ಬೂಟಿಗೆ ಧೂಳು ಹತ್ತುವುದಿಲ್ಲ, ಅಷ್ಟೇ. ನಾನು ಒಳಗೆ, ಹೊರಗೆ ಎಂದು ಬಿಡಿಸಿ ಹೇಳಲಿಲ್ಲ. ಬೂಟಿನ ಹೊರಗೆ ಬಟ್ಟೆ ಹೊಲಿಯಬೇಕಾಗುವ ಮನೆ ಇರುತ್ತದೆಂದು ನನಗೆ ಹೊಳೆದಿರಲೇ ಇಲ್ಲ.

ನಿನ್ನ ಪತ್ರ ಅಕ್ಟೋಬರ್ 7ಕ್ಕೆ ಬಂತು. ಓದಿ ಎದ್ದು ಗಾಜಿನ ಕಪಾಟಿನ ಕಡೆ ಹೋದೆ. ಬಾಗಿಲು ತೆಗೆಯಲಿಲ್ಲ. ಮರುದಿನ ಗಾಜಿಗೆ ಹಳೆಯ ಪೇಪರ್ ಅಂಟಿಸಿದೆ. ಗಿರಾಕಿಗಳು ಗಾಜು ಒಡೆದಿದೆಯೇ ಎಂದು ಕೈಸನ್ನೆ ಮಾಡಿ ಕೇಳಿದರು, ಹೌದೆಂದೆ. ಪ್ಲಾಸ್ಟರ್ ಕೊಯ್ಯುವ ಮಿಷಿನ್ ಪಕ್ಕ ಇಪ್ಪತ್ತೆರಡು ವರ್ಷ ನಿಂತು ನನ್ನ ಕಿವಿ ಹೋಗಿದೆ. ಅಂಗಡಿ ಮುಂದೆ ಆಟೋದವರು ಹಾರ್ನ್ ಹೊಡೆದರೂ ಕೇಳುವುದಿಲ್ಲ. ಆದರೆ ನೀನು ಬರೆದ ಆ ಟಕ್ ಎಂಬುದು ಪೇಪರಿನ ಹಿಂದಿನಿಂದ ನನಗೆ ಗೊತ್ತಾಗುತ್ತಿತ್ತು. ಕೇಳುತ್ತಿತ್ತು ಎಂದು ಬರೆಯಲಾರೆ. ನೆಲದಿಂದ ಅಂಗಾಲಿಗೆ ಬರುತ್ತಿತ್ತು.

ನಿನ್ನ 23ರ ಪತ್ರ ಇಂದು ಮುಂಜಾನೆ ಬಂತು. ಹುಡುಗಿ ಹಬ್ಬದ ದಿನ ಸಮವಸ್ತ್ರದಲ್ಲಿ ಇದ್ದಳು ಎಂದು ಓದಿದ ಮೇಲೆ ಕಪಾಟು ತೆಗೆದೆ.

ಬೂಟನ್ನು ಹೊರಗಿನಿಂದ ಸಾವಿರ ಸಲ ನೋಡಿದ್ದೇನೆ. ಇಂದು ಮೊದಲ ಸಲ ಒಳಗೆ ಬೆರಳು ಹಾಕಿದೆ. ಹಿಮ್ಮಡಿಯ ಜಾಗದಲ್ಲಿ ಗುಂಡಗೆ ತಗ್ಗು. ಮುಂದೆ ಐದು ಸಣ್ಣ ಗುಳಿಗಳು, ಹೆಬ್ಬೆರಳಿನದು ಆಳ. ಬಿಸಿಲಿಗೆ ಹಿಡಿದು ನೋಡಿದೆ. ಬೆವರಿಗೆ ಚರ್ಮ ಕಪ್ಪಾಗಿ ಪಾದದ ಅಚ್ಚು ಪೂರ್ತಿ ಮೂಡಿದೆ. ಒಂದು ವರ್ಷ ದಿನವೂ ಕಾಲಿಡದೆ ಚರ್ಮದಲ್ಲಿ ಅಂಥ ಅಚ್ಚು ಬೀಳುವುದಿಲ್ಲ. ಒಂಬತ್ತು ವರ್ಷ ಆ ಪಾದ ನನ್ನ ಕಪಾಟಿನಲ್ಲೇ ಇತ್ತು. ನಾನು ಜನರನ್ನು ಕರೆದು ಅದರ ಹೊಳಪು ತೋರಿಸುತ್ತಿದ್ದೆ.

ಮಧ್ಯಾಹ್ನ ಕ್ಲಿನಿಕ್ಕಿನ ಡಾಕ್ಟರ್ ಬಸವಣಪ್ಪನವರ ಮನೆಗೆ ಹೋಗಿ ಬೂಟು ಅವರ ಕೈಗೆ ಕೊಟ್ಟೆ. ಅವರು ಕಾಗದದ ಮೇಲೆ ಬರೆದು ತೋರಿಸಿದರು: 'ಸರಿಯಾಗಿ ಹಾಕಿದರೂ ಕೆಲವು ಮಕ್ಕಳಲ್ಲಿ ತಿರುಗುತ್ತದೆ. ಅಂದೇ ನಿಮಗೆ ಹೇಳಿದ್ದೆ.' ಹೇಳಿದ್ದು ನಿಜ. ಇದನ್ನು ನಾನು ನಿನಗೆ ಬರೆಯದೆ ಬಿಟ್ಟಿದ್ದೆ. ಅಂದು ಅವರು "ಕಾರಣ ಬರೀಬ್ಯಾಡ್ರಿ, ನಮಗ ಗೊತ್ತಿಲ್ಲ" ಅಂದರು. ಅವರು ಕೋಣೆಯಿಂದ ಹೊರಗೆ ಹೋದ ಮೇಲೆ ನಾನು ಬರೆದೆ. ನಾನು ಮಾಡಿದ ಬೂಟು ಹಾಕಿಯೂ ಕಾಲು ತಿರುಗಿತೆಂದು ಫೈಲಿನಲ್ಲಿ ಇರಬಾರದಿತ್ತು, ಅದಕ್ಕೆ.

ಗವಸುಗಳು ಉಳಿದಿದ್ದರೆ ಕಳಿಸು. ಅಚ್ಚು ನನಗೆ ಸಾಕು. ನಿನ್ನ ಮನೆಯವರಿಗೆ ಕಣ್ಣಿಗೆ ಕಾಣುವಂಥದ್ದು ಬೇಕು.

ಗಯಾಸುದ್ದೀನ್


ಬಸವಕಲ್ಯಾಣ
3 ನವೆಂಬರ್ 2025

ಚಾಚಾ,

ಪತ್ರವನ್ನು ಮಯೂರಿಯೇ ಓದಿದಳು. ಗಟ್ಟಿಯಾಗಿ ಓದುತ್ತಿದ್ದವಳು 'ಐದು ಸಣ್ಣ ಗುಳಿಗಳು' ಎಂಬಲ್ಲಿ ನಿಲ್ಲಿಸಿ ತನ್ನ ಪಾದ ನೋಡಿಕೊಂಡಳು. ಮುಂದೆ ಮನಸ್ಸಿನಲ್ಲೇ ಓದಿದಳು.

ಚಿಕ್ಕವಳ ನರ ಕೊಯ್ದಾಯಿತು. ಒಂದು ಹನಿ ರಕ್ತ. ಪ್ಲಾಸ್ಟರ್ ಹಾಕುವ ಮೊದಲು ಒಂದು ಗಳಿಗೆ ಕಾಲನ್ನು ನೋಡಿದೆ. ಎಲ್ಲರ ಕಾಲಿನಂತೆ ಇತ್ತು.

ಗವಸು ಕಳೆದುಹೋಗಿವೆ ಎಂದುಕೊಂಡಿದ್ದೆ. ನಿನ್ನೆ ಮಧ್ಯಾಹ್ನ ಅಟ್ಟ, ಗಂಟು, ಕೌದಿಗಳ ಮಡಿಕೆ ಎಲ್ಲ ಹುಡುಕುತ್ತಿದ್ದಾಗ ಅತ್ತೆ ಬಂದು ನಿಂತರು.

"ಏನು ಹುಡುಕಾಕತ್ತಿ?"

"ಬೂಟಿನ ಗವಸ್ರಿ."

ಅತ್ತೆ ತಮ್ಮ ಟ್ರಂಕು ತೆಗೆದರು. ಅವರ ಮದುವೆಯ ಸೀರೆಯ ಕೆಳಗೆ, ಒಂದು ಧೋತರದ ತುಂಡಿನಲ್ಲಿ ಸುತ್ತಿಟ್ಟ ಗಂಟು. ಬಿಚ್ಚಿದರೆ ನಾಲ್ಕೂ ಜೋಡಿ. ಒಗೆದು ಮಡಚಿದ್ದವು.

"ನೀವ್ಯಾಕ ಇಟ್ಟೀರಿ?" ಅಂದೆ.

"ಎಸೀಲಿಕ್ಕ ಮನಸ್ಸು ಬರಲಿಲ್ಲ."

ಇಷ್ಟು ವರ್ಷ ಕೇಳದ್ದನ್ನು ಆಗ ಕೇಳಿದೆ. "ಆ ದಿವ್ಸ ಸಾಹೇಬ್ರು ಬರಿಯಾಗ ನೀವು ನನ್ನ ಬಾಜೂಕೇ ಕುಂತಿದ್ರಿ. ನಾ ದಿನಾ ಹಾಕೀನಿ ಅಂತ ನಿಮಗ ಗೊತ್ತಿತ್ತು. ಯಾಕ ಬಾಯಿ ಬಿಡಲಿಲ್ರಿ?"

ಅವರು ನೆಲದ ಮೇಲೆ ಕುಳಿತರು. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ನನಗ ಒಬ್ಬ ತಮ್ಮ ಇದ್ದ. ಪಂಡರಿ ಅಂತ. ನಮ್ಮ ತೌರುಮನಿ ಬೇಮಳಖೇಡದಾಗ. ಎರಡೂ ಕಾಲು ಹಿಂಗೇ ಇದ್ವು ಅವಂದು. ಆಗ ಪ್ಲಾಸ್ಟರ್ ಎಲ್ಲಿ, ಬೂಟು ಎಲ್ಲಿ. ಅಂಗಳದಾಗ ಮಣಕಾಲ ಮ್ಯಾಲ ಹರೀತಿದ್ದ. ನನ್ನ ನೋಡಾಕ ನಿಮ್ಮ ಮಾವ್ನೋರ ಮಂದಿ ಬಂದಾಗ ಅವನ್ನ ಹಿತ್ತಲ ಕೊಟ್ಟಿಗ್ಯಾಗ ಕೂಡಿಸಿ ಬಾಗಲಾ ಹಾಕಿದ್ರು. ಮುಂಜಾನಿಂದ ಊಟಾ ಆಗಿ ಎಲಿ ಅಡಿಕಿ ಆಗೋ ತನಕ. ಒಂದು ಸದ್ದು ಮಾಡಲಿಲ್ಲ ಅಂವ. ಮಾಡಬ್ಯಾಡ ಅಂತ ನಾನೇ ಹೇಳಿದ್ದೆ. ಮದಿವಿ ಆಗಿ ಎಂಟು ತಿಂಗಳಿಗೆ ಹೋದ. ಹನ್ನೆರಡು ವರ್ಷದಾಂವ. ಈ ಮನ್ಯಾಗ ಯಾರಿಗೂ ಗೊತ್ತಿಲ್ಲ. ನಿಮ್ಮ ಮಾವ್ನೋರಿಗೂ ಗೊತ್ತಾಗಲಿಲ್ಲ, ಹಂಗೇ ಹೋದ್ರು."

ಆಮೇಲೆ ಗವಸನ್ನು ಕೈಯಲ್ಲಿ ತಿರುಗಿಸುತ್ತ ಅಂದರು: "ಹಾಕ್ಯಾಳ ಅಂದಿದ್ರ, ಮತ್ತ ಇಂಥಾ ಕಾಲು ಯಾರ ಕಡಿಂದ ಬಂತು ಅಂತ ಕೇಳತಿದ್ರು."

ನನಗೆ ಸಿಟ್ಟು ಬರಬೇಕಿತ್ತು. ಬಂದಿದೆಯೋ ಇಲ್ಲವೋ ಇನ್ನೂ ಗೊತ್ತಾಗಿಲ್ಲ. ಎರಡು ಜೋಡಿ ಪಾರ್ಸೆಲ್ ಮಾಡಿದ್ದೇನೆ. ನಾನು ಬರೆದದ್ದು ಅತ್ತೆಗೆ ಗೊತ್ತಿಲ್ಲ. ಪಂಡರಿಯ ಮಾತು ನಿಮ್ಮಲ್ಲೇ ಇರಲಿ. ಹೇಳುವುದಾದರೆ ಅವರೇ ಹೇಳಬೇಕು.

ಶೀತಲ


ಮಾಣಿಕನಗರ
10 ನವೆಂಬರ್ 2025

ಮಗಳೇ,

ಗವಸು ಬಂದವು. ಕಪಾಟಿನ ಜೋಡಿಗೆ ತೊಡಿಸಿದೆ. ನೂಲಿನಷ್ಟೂ ಹೆಚ್ಚು ಕಡಿಮೆ ಇಲ್ಲ. ಹಿಮ್ಮಡಿಯ ಕೆಳಗೆ ಖಣ ತೆಳ್ಳಗಾಗಿ ಬೆಳಕು ಹಾಯುತ್ತದೆ. ರಾಡಿನ ಗವಸು ತೊಟ್ಟಿಲಿಗೆ ಬಡಿದ ಕಡೆ ಹರಿದಿದೆ, ತೇಪೆ ಹಾಕಿದ್ದೀಯ. ತೇಪೆಯೂ ಹರಿದಿದೆ, ಅದರ ಮೇಲೆ ಇನ್ನೊಂದು ತೇಪೆ. ನಾನು ಹುಡುಕುತ್ತಿದ್ದ ಗೀರು, ಸವಕಳಿ ಎಲ್ಲ ಇಲ್ಲಿವೆ. ಬೂಟು ಸುಳ್ಳು ಹೇಳಲಿಲ್ಲ. ನಾನು ಅರ್ಧ ಬೂಟನ್ನೇ ನೋಡಿದ್ದೆ.

ಇನ್ನೊಂದು. ಬೂಟಿನ ಹಿಂದಿನ ತೂತಿಗೆ ಸರಿಯಾಗಿ ಗವಸಿನಲ್ಲೂ ಒಂದು ತೂತು ಮಾಡಿ, ಸುತ್ತಲೂ ಕಾಜಾ ಹೊಲಿದಿದ್ದೀಯ. ನಾಲ್ಕರಲ್ಲೂ. ಹಿಮ್ಮಡಿ ಕೂತಿದೆಯೇ ಎಂದು ಪ್ರತಿ ಸಲ ನೋಡದವಳಿಗೆ ಅಲ್ಲಿ ಕಿಂಡಿ ಯಾಕೆ ಬೇಕು? ನೀನು ಇದನ್ನು ನಿನ್ನ ಯಾವ ಪತ್ರದಲ್ಲೂ ಬರೆದಿಲ್ಲ. ಅದು ಹೇಳಬೇಕಾದ ಸಂಗತಿಯೆಂದೇ ನಿನಗೆ ಅನ್ನಿಸಿಲ್ಲ. ನಾನು ಅದನ್ನು ಬಹಳ ಹೊತ್ತು ನೋಡಿದೆ.

ಡಾಕ್ಟರ ಮುಂದೆ ಫೈಲು ತೆಗೆಸಿದೆ. ಹಳೆಯ ಸಾಲನ್ನು ಹೊಡೆದುಹಾಕಲು ಅವರು ಬಿಡಲಿಲ್ಲ. ಇರಲಿ, ನೀವು ಬರೆದದ್ದು ಎಂದು ಕಾಣುತ್ತಿರಲಿ ಎಂದು ಬರೆದು ತೋರಿಸಿದರು. ಕೆಳಗೆ ಬರೆದಿದ್ದೇನೆ: 'ಮೇಲಿನ ಸಾಲು ತಪ್ಪು. ತಾಯಿ ಬೂಟನ್ನು ದಿನವೂ, ಸರಿಯಾಗಿ ಹಾಕಿದ್ದಾರೆ. ಬೂಟು, ಗವಸು ಎರಡನ್ನೂ ಪರೀಕ್ಷಿಸಿ ಬರೆದದ್ದು.' ನನ್ನ ಸಹಿ, ಡಾಕ್ಟರ ಸಹಿ ಇವೆ. 19ರಂದು ಎಲ್ಲರೆದುರು ಓದುತ್ತಾರೆ. ನಾನೂ ಬಂದು ನಿಲ್ಲುತ್ತಿದ್ದೆ. ಆದರೆ ಯಾರು ಏನು ಕೇಳಿದರೂ ನನಗೆ ಕೇಳುವುದಿಲ್ಲ, ತಪ್ಪು ಉತ್ತರ ಕೊಟ್ಟೇನು.

ಪಂಡರಿಯ ಮಾತು ನನ್ನಲ್ಲೇ ಇದೆ. ಒಂದು ಮಾತ್ರ ಹೇಳುತ್ತೇನೆ. ವಂಶದಲ್ಲಿ ಹಿಂದೆ ಯಾರಿಗಾದರೂ ಇತ್ತೇ ಎಂದು ಡಾಕ್ಟರು ಕೇಳುವುದು ತಪ್ಪು ಹುಡುಕಲಿಕ್ಕಲ್ಲ. ಮುಂದೆ ಎಷ್ಟು ಎಚ್ಚರ ಬೇಕು ಎಂದು ತಿಳಿಯಲಿಕ್ಕೆ. ಅತ್ತೆಯವರು ಅದನ್ನು ಹೇಳಿದರೆ ಚಿಕ್ಕವಳಿಗೇ ಒಳ್ಳೆಯದು.

ಅಂದೇ ನನ್ನ ಅಕ್ಷರದ ಹಳೆಯ ಫೈಲುಗಳನ್ನೂ ತೆಗೆಸಿ ನೋಡಿದೆ. ಅದೇ ಸಾಲು ಇಪ್ಪತ್ಮೂರು ಕಡೆ ಇದೆ. ಕೆಲವು ನಿಜವಿರಬಹುದು. ಯಾವುವು ಎಂದು ಈಗ ನನಗೆ ಹೇಳಲು ಬರುವುದಿಲ್ಲ, ಆ ಬೂಟುಗಳು ಬೇರೆ ಮಕ್ಕಳ ಕಾಲಿಗೆ ಹೋಗಿ ಯಾವಾಗಲೋ ಹರಿದುಹೋಗಿವೆ. ವಿಳಾಸಗಳನ್ನು ಬರೆದುಕೊಂಡು ಬಂದಿದ್ದೇನೆ. ಒಬ್ಬೊಬ್ಬರಿಗೂ ಬರೆಯಬೇಕು. ಮೊದಲನೆಯದಕ್ಕೆ ಹೆಸರು, ಊರು ಬರೆದು ನಾಲ್ಕು ದಿನದಿಂದ ಕುಳಿತಿದ್ದೇನೆ.

ಗಯಾಸುದ್ದೀನ್


ಬಸವಕಲ್ಯಾಣ
22 ನವೆಂಬರ್ 2025

ಚಾಚಾ,

ರಾಜೇಶ್ವರಿ ಬುಧವಾರ ಕ್ಲಿನಿಕ್ಕಿಗೆ ಖಾಲಿ ಚೀಲ ಹಿಡಿದುಕೊಂಡು ಬಂದಿದ್ದಳು, ಕೂಸಿನ ಬಟ್ಟೆ ತುಂಬಿಕೊಳ್ಳಲು. ಡಾಕ್ಟರು ನಿಮ್ಮ ಸಾಲು ಓದಿದರು. ನನ್ನ ಗಂಡ ಇನ್ನೊಮ್ಮೆ ಓದಿಸಿಕೊಂಡರು. ರಾಜೇಶ್ವರಿ ಅಂದಳು: "ಮುದುಕ ಪಾಪ ಅಂತ ದಯಾ ಮಾಡಿ ಬರದಾನ್ರಿ. ಇಕಿ ಕಾಡಿ ಬೇಡಿ ಬರಿಸ್ಯಾಳ."

ಆಗ ಅತ್ತೆ ಎದ್ದು ನಿಂತರು. "ಸುಮ್ಮ ಕುಂಡ್ರು, ರಾಜಿ. ಗವಸು ಹೊಲಿಸಿದಾಕಿ ನಾನು. ದಿನಾ ಹಾಕೋದು ನಾ ಕಂಡೀನಿ." ಆಮೇಲೆ ಡಾಕ್ಟರ ಕಡೆ ತಿರುಗಿ, ಶಾಲೆಯಲ್ಲಿ ಹೆಸರು ಹೇಳುವ ಹುಡುಗಿಯ ಹಾಗೆ ಕೈ ಕಟ್ಟಿಕೊಂಡು, "ನನ್ನ ತಮ್ಮಗ ಇತ್ರಿ. ಪಂಡರಿ ಅಂತ. ಬರಕೋರಿ" ಅಂದರು. ಡಾಕ್ಟರು ಬರೆದುಕೊಂಡರು. ನನ್ನ ಗಂಡ ತಮಗೆ ಒಬ್ಬ ಸೋದರಮಾವ ಇದ್ದನೆಂಬುದನ್ನು ಆ ಕೋಣೆಯಲ್ಲಿ ಮೊದಲ ಸಲ ಕೇಳಿದರು. ಎಲ್ಲರೂ ಕೂಡಿ ಬಸ್ಸು ಹತ್ತಿದೆವು. ರಾಜೇಶ್ವರಿ ಹುಡಗಿ ಗ್ರಾಮದ ಕ್ರಾಸಿನಲ್ಲಿ ಇಳಿದಳು. ಚೀಲ ಖಾಲಿ ಇತ್ತು. ಮಗು ನನ್ನ ಮಡಿಲಲ್ಲಿತ್ತು.

ಹಳೆಯ ಚಿಕ್ಕ ಗವಸಿನ ಅಳತೆ ಹಿಡಿದು ಹೊಸ ಬೂಟಿಗೂ ಮೊದಲೇ ಗವಸು ಹೊಲಿದಿಟ್ಟಿದ್ದೆ, ಈ ಸಲ ನೀಲಿ ಖಣದ್ದು. ಮನೆಗೆ ಬಂದು ಬೂಟು ಹಾಕಿ, ಹಿಂದಿನ ತೂತಿನಲ್ಲಿ ಹಿಮ್ಮಡಿ ನೋಡಿ, ಗವಸು ತೊಡಿಸಲು ಕೈಗೆ ತೆಗೆದುಕೊಂಡೆ. ಅತ್ತೆ ನನ್ನ ಕೈಯಿಂದ ಅದನ್ನು ತೆಗೆದುಕೊಂಡರು.

"ಬ್ಯಾಡ. ಮುಚ್ಚಬ್ಯಾಡ. ಹಂಗೇ ಕಾಣಲಿ."

ದೇವರ ಜಗಲಿಯ ಎದುರಿಗೇ ತೊಟ್ಟಿಲು ಇದೆ. ದೀಪ ಹಚ್ಚಿದರು.

ಮಯೂರಿ ತೊಟ್ಟಿಲ ಪಕ್ಕ ಕುಳಿತು ಬೂಟಿನ ಮೂಗನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಾಳೆ. ಇಂದು ನಾನು ಹೊಲಿದ ಲಂಗ ಹಾಕಿಕೊಂಡಿದ್ದಾಳೆ. ತನ್ನ ಬೂಟನ್ನು ನಿಮ್ಮಿಂದ ತರಿಸಿಕೊಡು ಎಂದು ಕೇಳಿದ್ದಾಳೆ. ಒಳಗಿನ ಗುಳಿ ನೋಡಬೇಕಂತೆ. ಕಳಿಸಿಕೊಡಿ.

ಈಗ ಮಧ್ಯಾಹ್ನ. ಚಿಕ್ಕವಳು ಎಚ್ಚರವಾಗಿದ್ದಾಳೆ, ಎರಡೂ ಕಾಲು ಕೂಡಿ ಎತ್ತಿ ಬಿಡುತ್ತಿದ್ದಾಳೆ. ಟಕ್. ಸ್ವಲ್ಪ ಹೊತ್ತು ಸುಮ್ಮನೆ. ಮತ್ತೆ ಟಕ್. ಬಟ್ಟೆಯಿಲ್ಲದೆ ಸದ್ದು ಹಿಂದಿನದಕ್ಕಿಂತ ಗಟ್ಟಿಯಾಗಿದೆ. ನಾನು ಏಣಿ ಹತ್ತಬೇಕಾಗಿಲ್ಲ.

ಸದ್ದು ಬಂದಾಗಲೆಲ್ಲ ಅತ್ತೆ ತಲೆ ಎತ್ತುತ್ತಾರೆ. ತೊಟ್ಟಿಲ ಕಡೆ ನೋಡುವುದಿಲ್ಲ. ಹಿತ್ತಲ ಬಾಗಿಲ ಕಡೆ ನೋಡುತ್ತಾರೆ. ಬೆಳಗಿನಿಂದ ಎರಡು ಸಲ ಎದ್ದು ಹೋಗಿ ಅದರ ಅಗಳಿ ತೆಗೆದು ಬಂದರು. ನಮ್ಮ ಹಿತ್ತಲಲ್ಲಿ ಕೊಟ್ಟಿಗೆ ಇಲ್ಲ.

ಶೀತಲ